ಒಂದು ಗೇಣು ತಂತಿ

ಅವನು ಸತ್ತ ದಿನ ಕೆಲಮಂಗಲದ ನಮ್ಮ ರಸ್ತೆಯ ಗ್ಯಾರೇಜುಗಳೆಲ್ಲ ಷಟರನ್ನು ಅರ್ಧಕ್ಕೆ ಇಳಿಸಿದವು. ನಾನು ಇಳಿಸಲಿಲ್ಲ. ಒಂದು ಗೂಡ್ಸ್ ಆಟೋದ ಸ್ಟಾರ್ಟರ್ ಮೋಟರನ್ನು ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡಿದ್ದೆ. ಅದರ ಕೆಲಸ ಮುಂದುವರಿಸಿದೆ. ಪಂಕ್ಚರ್ ಅಂಗಡಿಯ ಬಾಬು ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ಮಾಲೆ ಹಾಕಕ್ಕೆ ಎಲ್ರೂ ಹೊಂಟವ್ರೆ. ನೀನ್ ಬರಾಕಿಲ್ವಾ? ನಿನ್ ಗುರು ಅಲ್ವಾ?"

"ನೀವು ಹೋಗ್ಬನ್ನಿ," ಎಂದೆ.

ಆಮೇಲೆ ಮೆಕ್ಯಾನಿಕ್ಕುಗಳ ಸಂಘದವರು ಅವನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿಸಿದರು. ಸಂತಾಪ ಸಭೆಯಲ್ಲಿ ಶಿಷ್ಯೆಯಾಗಿ ನಾಲ್ಕು ಮಾತಾಡಬೇಕೆಂದು ನನ್ನನ್ನೂ ಕರೆದರು. ಹೋಗಲಿಲ್ಲ. ನನಗೆ ಹೇಳುವುದಿರುವುದು ನಾಲ್ಕು ಮಾತಿಗೆ ಮುಗಿಯುವಂಥದ್ದಲ್ಲ, ಮಾಲೆ ಹಾಕಿದ ಫೋಟೋದ ಪಕ್ಕ ನಿಂತು ಹೇಳುವಂಥದ್ದೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವನ ಹೆಸರು ಬರೆಯುವುದಿಲ್ಲ. ಹೆಸರೆಂದರೆ ಅವನಿಗೆ ಪ್ರಾಣ. ನಮ್ಮದು ಗಡಿ ಊರು; ಅಂಗಡಿಯ ಬೋರ್ಡಿನಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆಸಿದ್ದ. ರಿಪೇರಿಗೆ ಬಂದ ಪ್ರತಿ ಡೈನಮೋದ ಬೆನ್ನ ಮೇಲೆ ಕೆಂಪು ಬಣ್ಣದಲ್ಲಿ ತನ್ನ ಹೆಸರು ಬರೆದ ಮೇಲೇ ಅದನ್ನು ಹೊರಗೆ ಕಳಿಸುತ್ತಿದ್ದ. ಸತ್ತವನಿಂದ ನಾನು ಕಿತ್ತುಕೊಳ್ಳಬಹುದಾದದ್ದು ಅದೊಂದೇ. ಎದುರಿಗೆ ಇದ್ದಾಗ ಕೊನೆಯವರೆಗೂ 'ನೀವು', 'ಮೇಸ್ತ್ರಿ' ಎಂದೇ ಮಾತಾಡಿದೆ. ಕಾಗದದ ಮೇಲೆ ಆ ಮರ್ಯಾದೆಯೂ ಸಿಗುವುದಿಲ್ಲ.

ಅವನು ಆಟೋ ಎಲೆಕ್ಟ್ರಿಷಿಯನ್. ಲಾರಿ, ಟ್ರ್ಯಾಕ್ಟರು, ಜೀಪುಗಳ ವೈರಿಂಗು, ಡೈನಮೋ, ಸ್ಟಾರ್ಟರ್, ಹಾರ್ನು. ಡೆಂಕಣಿಕೋಟೆಯಿಂದಲೂ ಹೊಸೂರಿನಿಂದಲೂ ಅವನನ್ನು ಹುಡುಕಿಕೊಂಡು ಗಾಡಿಗಳು ಬರುತ್ತಿದ್ದವು. ಗ್ರೀಸು, ಮಸಿ, ಬ್ಯಾಟರಿ ಆಸಿಡ್ಡು ತುಂಬಿದ ಆ ಅಂಗಡಿಯಲ್ಲಿ ಅವನು ದಿನವೂ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕುತ್ತಿದ್ದ. ಸಂಜೆ ಮನೆಗೆ ಹೊರಟಾಗ ಅದರ ಮೇಲೆ ಒಂದು ಚುಕ್ಕೆ ಕಲೆ ಇರುತ್ತಿರಲಿಲ್ಲ. ಊರವರಿಗೆ ಅದು ಅವನ ಕೈಚಳಕದ ಗುರುತಾಗಿ ಕಾಣುತ್ತಿತ್ತು. ಗಾಡಿಯ ಕೆಳಗೆ ನುಸುಳುತ್ತಿದ್ದವರು ಶಿಷ್ಯರಾದ ನಾವಾದ್ದರಿಂದ ನಮಗೆ ಬೇರೆ ಕಾರಣ ಗೊತ್ತಿತ್ತು.

ವ್ಯಾಪಾರವೆಲ್ಲ ತಮಿಳಿನಲ್ಲಿ, ಬೈಗುಳವೆಲ್ಲ ತೆಲುಗಿನಲ್ಲಿ. ಕನ್ನಡವನ್ನು ಅವನು ಸುಳ್ಳಿಗೆ ಇಟ್ಟುಕೊಂಡಿದ್ದ ಎಂದು ಈಗ ಅನ್ನಿಸುತ್ತದೆ. ಅಷ್ಟು ಮೃದುವಾಗಿ ಮಾತಾಡುತ್ತಿದ್ದ. "ಆಯ್ತದೆ ಬುಡಿ ಗೌಡ್ರೆ, ನಾಳೆ ಬತ್ತದೆ ಗಾಡಿ, ನಾನಿದೀನಲ್ಲ," ಎನ್ನುತ್ತಿದ್ದ. ಆ ನಾಳೆ ಬಂದದ್ದನ್ನು ನಾನು ನೋಡಿದ್ದು ಕಡಿಮೆ.

ಕೆಲಸ ಮಾತ್ರ ಬಲ್ಲವನು. ಓಡುವ ಡೈನಮೋಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಬುಶ್ ಹೋಗಿದೆ," "ಬ್ರಶ್ ಸವೆದಿದೆ," ಎನ್ನುತ್ತಿದ್ದ. ಬಿಚ್ಚಿದರೆ ಹಾಗೇ ಇರುತ್ತಿತ್ತು. ಇದನ್ನು ಬರೆಯದೆ ಬಿಟ್ಟರೆ ನಾನೂ ಅವನಂತೆಯೇ ಆಗುತ್ತೇನೆ, ಆದ್ದರಿಂದ ಬರೆದಿದ್ದೇನೆ. ಇನ್ನೊಂದನ್ನೂ ಬರೆಯಬೇಕು. ನಾನು ಐಟಿಐ ಮುಗಿಸಿ ಬಂದಾಗ ಹೆಣ್ಣುಮಗಳನ್ನು ಯಾವ ಗ್ಯಾರೇಜಿನವರೂ ಸೇರಿಸಿಕೊಳ್ಳಲಿಲ್ಲ. ಅವನು ಸೇರಿಸಿಕೊಂಡ. "ಸಣ್ಣ ಕೈ. ಡ್ಯಾಶ್‌ಬೋರ್ಡ್ ಹಿಂದಕ್ಕೆ ಸಲೀಸಾಗಿ ಹೋಯ್ತದೆ," ಎಂದು ನನ್ನ ಕೈ ನೋಡಿ ಹೇಳಿದ. ಹಲಸಿನ ಕಾಲದಲ್ಲಿ ಮನೆಯಿಂದ ತೊಳೆ ಬಿಡಿಸಿ ತಂದು, "ಗೌರಿ, ತಿನ್ನು, ಕೈ ಒರೆಸ್ಕೊಂಡು ತಿನ್ನು," ಎಂದು ಕೊಡುತ್ತಿದ್ದ. ಆ ರುಚಿಯನ್ನು ನೆನಪಿನಿಂದ ತೆಗೆದುಹಾಕಲು ಎಷ್ಟೋ ಪ್ರಯತ್ನಪಟ್ಟಿದ್ದೇನೆ.

ಅವನು ಎಲ್ಲಕ್ಕಿಂತ ಹೆಚ್ಚಾಗಿ ದ್ವೇಷಿಸುತ್ತಿದ್ದದ್ದು ತಂತಿಯ ಜಾಯಿಂಟನ್ನು. ಒಂದು ತಂತಿ ಸಾಲದಿದ್ದರೆ ಇನ್ನೊಂದು ತುಂಡನ್ನು ಸುತ್ತಿ ಟೇಪು ಹಚ್ಚುವುದು ಎಲ್ಲ ಕಡೆ ನಡೆಯುವ ಕೆಲಸ. ನಾನು ಹಾಗೆ ಮಾಡಿದ್ದನ್ನು ಕಂಡರೆ ಮಾತಾಡದೆ ಬಂದು, ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ, ಚರಂಡಿಗೆ ಎಸೆದು ಹೋಗುತ್ತಿದ್ದ.

"ಜಾಯಿಂಟು ಅಂದ್ರೆ ಸುಳ್ಳು ಕಣಮ್ಮಿ. ಮೇಲೆ ಟೇಪ್ ಸುತ್ತಿ ಮುಚ್ಚಿಟ್ಟಿರೋ ಸುಳ್ಳು. ಡೈನಮೋ ಇಂದ ಹೊಂಟಿದ್ದು ಬ್ಯಾಟ್ರಿಗಂಟ ಒಂದೇ ತಂತಿ ಹೋಗ್ಬೇಕು."

ನಾನು ಅದನ್ನು ವೇದದಂತೆ ಕಲಿತೆ.

ನಮ್ಮ ಹೊಲ ಸಾನಮಾವಿನ ಕಾಡಿನ ಅಂಚಿನಲ್ಲಿದೆ. ಅಪ್ಪನ ಹತ್ತಿರ ಒಂದು ಹಳೆಯ ವಿದೇಶಿ ಟ್ರ್ಯಾಕ್ಟರು ಇತ್ತು. ಬೂದು ಬಣ್ಣದ್ದು, ತಾತ ಯಾವುದೋ ಎಸ್ಟೇಟಿನವರಿಂದ ಕೊಂಡದ್ದು. ಈಗಿನವುಗಳ ಹಾಗೆ ಡೀಸೆಲ್ಲಿನದಲ್ಲ. ಪೆಟ್ರೋಲಿನಲ್ಲಿ ಶುರುವಾಗಿ, ಎಂಜಿನ್ನು ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಕೊಳ್ಳುವಂಥದ್ದು. ಹಳೆಯ ಜೀಪಿನ ಹಾಗೆ ಅದಕ್ಕೆ ಪ್ಲಗ್ಗು, ಕಾಯಿಲ್ಲು, ಕಿಡಿ ಎಲ್ಲ ಬೇಕು. ನಮ್ಮ ಕಡೆ ಅಂಥದ್ದು ಅದೊಂದೇ ಇತ್ತು. ಅಪ್ಪ ಅದನ್ನು ಎತ್ತಿಗಿಂತ ಹೆಚ್ಚಾಗಿ ಸಾಕಿದ್ದ. ಕೆಲವು ವರ್ಷಗಳಿಂದ ಅದರ ಡೈನಮೋ ಚಾರ್ಜು ಕೊಡುತ್ತಿರಲಿಲ್ಲ. ಬ್ಯಾಟರಿ ಸದಾ ಖಾಲಿ, ಲೈಟು ಮಂಕು. ರಾಗಿ ತೆನೆ ಕಟ್ಟಿದಾಗ ಆನೆಗಳು ಬರುತ್ತಿದ್ದವು. ಆಗ ಟ್ರ್ಯಾಕ್ಟರಿನ ಎರಡು ಲೈಟು ಹಾಕಿ, ಎಂಜಿನ್ನು ರೇಸ್ ಮಾಡಿದರೆ ಅವು ಬೇರೆ ದಾರಿ ಹಿಡಿಯುತ್ತವೆ ಎಂದು ಅಪ್ಪನ ನಂಬಿಕೆ.

ಹಾಗಾಗಿ ನಾನೇ ಮೇಸ್ತ್ರಿಯನ್ನು ನಮ್ಮ ಹೊಲಕ್ಕೆ ಕರೆದುಕೊಂಡು ಹೋದೆ. ಹಳೆಯ ಬಟ್ಟೆ ಸುತ್ತಿದ ತಂತಿಗಳನ್ನೆಲ್ಲ ತೆಗೆದು ಪೂರ್ತಿ ಹೊಸ ವೈರಿಂಗ್ ಮಾಡುವುದೆಂದು ಮಾತಾಯಿತು. ಕೆಲಸವನ್ನು ಅವನೇ ಹಂಚಿದ.

"ಕಿಡಿ ನಿಂದು, ಚಾರ್ಜು ನಂದು," ಎಂದ.

ಕಾಯಿಲ್ಲು, ಡಿಸ್ಟ್ರಿಬ್ಯೂಟರು, ಪಾಯಿಂಟು, ಪ್ಲಗ್ಗಿನ ತಂತಿಗಳು ನನ್ನವು. ಡೈನಮೋ, ಕಟೌಟು, ಬ್ಯಾಟರಿಗೆ ಹೋಗುವ ದಪ್ಪ ತಂತಿ ಅವನವು. ಕಟೌಟು ಎಂದರೆ ಬಾಗಿಲು ಕಾಯುವ ಪೆಟ್ಟಿಗೆ. ಎಂಜಿನ್ನು ಓಡುವಾಗ ಡೈನಮೋದಿಂದ ಬ್ಯಾಟರಿಗೆ ಕರೆಂಟು ಬಿಡುತ್ತದೆ. ಎಂಜಿನ್ನು ನಿಂತಾಗ ಬ್ಯಾಟರಿಯಿಂದ ಡೈನಮೋಗೆ ವಾಪಸು ಬಾರದಂತೆ ಮುಚ್ಚಿಕೊಳ್ಳುತ್ತದೆ. ಅದು ಎಂದಾದರೂ ಮುಚ್ಚಿಕೊಳ್ಳದೆ ಅಂಟಿಕೊಂಡರೆ ಬ್ಯಾಟರಿಯ ಶಕ್ತಿಯೆಲ್ಲ ಆ ತಂತಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ. ತಂತಿ ದಪ್ಪವಿದ್ದರೆ ತಡೆದುಕೊಳ್ಳುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ, ಅಷ್ಟೆ.

ಕೆಲಸ ಮುಗಿದ ದಿನ ಎಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತು. ಲೈಟು ಬೆಳ್ಳಗೆ ಉರಿದವು. ಅಪ್ಪ ಮೇಸ್ತ್ರಿಗೆ ಹೊಸ ಪಂಚೆ ಕೊಟ್ಟ. ನನ್ನ ತಲೆಯ ಮೇಲೆ ಕೈಯಿಟ್ಟು, "ನನ್ ಮಗ್ಳು ಕಿಡಿ ಹೊತ್ಸುದ್ಲು," ಎಂದು ಬಂದವರಿಗೆಲ್ಲ ಹೇಳಿದ.

ಒಂದು ತಿಂಗಳೂ ಆಗಿರಲಿಲ್ಲ. ಅಪ್ಪ ಮಧ್ಯಾಹ್ನ ಉಳುಮೆ ನಿಲ್ಲಿಸಿ, ಎಂಜಿನ್ನು ಆಫ್ ಮಾಡಿ, ಸೀಟಿನ ಮೇಲೇ ಕುಳಿತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಮೊದಲು ಹೊಗೆ ಬಂತಂತೆ. ಏನೆಂದು ಬಗ್ಗಿ ನೋಡುವಷ್ಟರಲ್ಲಿ ಪೆಟ್ರೋಲಿನ ಪೈಪು ಹೊತ್ತಿಕೊಂಡಿತು. ಪಂಚೆಗೆ ಬೆಂಕಿ ಹಿಡಿಯಿತು. ಅಪ್ಪ ಹಾರಿ ಉತ್ತ ಮಣ್ಣಿನಲ್ಲಿ ಹೊರಳಾಡಿದ. ತೊಡೆಗಳೆರಡೂ ಸುಟ್ಟವು. ಬೆಂಕಿ ಆರಿಸಲು ಹೋದ ಬಲಗೈಯ ಬೆರಳುಗಳು ಒಂದಕ್ಕೊಂದು ಕೂಡಿಕೊಂಡು, ಆಮೇಲೆ ಯಾವತ್ತೂ ಬಿಡಿಸಿಕೊಳ್ಳಲಿಲ್ಲ.

ಸುದ್ದಿ ತಿಳಿದು ಮೇಸ್ತ್ರಿ ಹೊಲಕ್ಕೆ ಬಂದ. ಅದೇ ಬಿಳಿ ಷರ್ಟು. ಸುಟ್ಟ ಟ್ರ್ಯಾಕ್ಟರಿನ ಸುತ್ತ ಒಮ್ಮೆ ನಡೆದು, ಬಗ್ಗಿ, ಕಾಯಿಲ್ಲಿನ ಕಡೆ ಬೆರಳು ತೋರಿಸಿದ. ಊರಿನ ಅರ್ಧ ಜನ ಅಲ್ಲಿದ್ದರು.

"ನೋಡಿ, ಕಾಯಿಲ್ ವೈರು ಸಡ್ಲ ಆಗದೆ. ಕಿಡಿ ಹಾರಿ ಪೆಟ್ರೋಲ್ ಪೈಪಿಗೆ ಬಿದ್ದದೆ. ಏನ್ಮಾಡದು, ಎಣ್ ಮಗೀನ ಕೈ, ಬಿಗಿ ಸಾಲ್ದು. ನಾನು ಇನ್ನೊಂದ್ಸಲ ನೋಡ್ಬೇಕಿತ್ತು, ತಪ್ಪು ನಂದೇ."

ಎಷ್ಟು ಚಂದದ ಸುಳ್ಳು ನೋಡಿ. ತಪ್ಪನ್ನು ತನ್ನ ಮೇಲೆ ಹಾಕಿಕೊಂಡಂತೆ ಮಾಡಿ ನನ್ನ ಮೇಲೆ ಹಾಕಿದ. ಕಿಡಿಯಿಂದ ಬೆಂಕಿ ಬರುತ್ತದೆ ಎಂದರೆ ಯಾರು ತಾನೆ ನಂಬುವುದಿಲ್ಲ? ನಾನೇ ನಂಬಿದೆ. ಎಂಜಿನ್ನು ನಿಂತ ಮೇಲೆ ಕಿಡಿ ಎಲ್ಲಿಂದ ಬಂತು ಎಂದು ಕೇಳುವಷ್ಟು ಬುದ್ಧಿ ಆಗ ನನ್ನ ತಲೆಯಲ್ಲಿ ಉಳಿದಿರಲಿಲ್ಲ. ನಾನು ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ಕುಳಿತಿದ್ದಾಗ ಮೇಸ್ತ್ರಿ ಟ್ರ್ಯಾಕ್ಟರನ್ನು ಗುಜರಿ ಬೆಲೆಗೆ ಕೊಂಡು ಹೊಲದಿಂದ ಎಳೆಸಿಕೊಂಡು ಹೋದ. ಕಣ್ಣೆದುರು ಇದ್ದರೆ ನಮಗೆ ಸಂಕಟವಾಗುತ್ತದೆಂದು ಉಪಕಾರ ಮಾಡುತ್ತಿರುವವನ ಹಾಗೆ. ಅವ್ವ ಕೈಮುಗಿದು ಕಳಿಸಿಕೊಟ್ಟಳು.

ಅಪ್ಪ ನನ್ನನ್ನು ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಬೈಯಲಿಲ್ಲ.

"ಅಳಬ್ಯಾಡ ಕಂದ. ಕೈ ಅಂದ್ಮೇಲೆ ಒಂದ್ಸಲ ತಪ್ತದೆ. ನಾನೇನೂ ಮನ್ಸಲ್ಲಿ ಇಟ್ಕೊಂಡಿಲ್ಲ," ಎಂದ. ಮನೆಗೆ ಬಂದ ಮೇಲೂ ಹೇಳಿದ. ನನ್ನ ಮದುವೆಯ ದಿನ, ಆ ಕೂಡಿಕೊಂಡ ಬೆರಳುಗಳಿಂದ ಧಾರೆ ಎರೆದು ಮುಗಿಸಿ, ಕಿವಿಯಲ್ಲಿ ಮತ್ತೆ ಅದನ್ನೇ ಹೇಳಿದ. ಮೇಸ್ತ್ರಿ ಆಗಾಗ ನೋಡಲು ಬರುತ್ತಿದ್ದ. ಮಂಚದ ಅಂಚಿಗೆ ಕುಳಿತು, ಅವ್ವ ಕೊಟ್ಟ ಕಾಫಿ ಕುಡಿಯುತ್ತ, ಅಪ್ಪ ನನ್ನನ್ನು ಕ್ಷಮಿಸುವುದನ್ನು ಕೇಳಿಸಿಕೊಳ್ಳುತ್ತಿದ್ದ. "ದೊಡ್ ಮನ್ಸು ನಿಮ್ದು," ಎನ್ನುತ್ತಿದ್ದ. ಅಪ್ಪ ಆಮೇಲೆ ಬೇರೆ ಕಾಯಿಲೆಯಲ್ಲಿ ಹೋದ. ಹೋಗುವಾಗಲೂ, ಮಗಳ ಕೈ ತಪ್ಪಿತು ಎಂಬುದನ್ನು ನಂಬಿಕೊಂಡೇ, ಅದನ್ನು ಮನ್ನಿಸಿಕೊಂಡೇ ಹೋದ.

ಬೆಂಕಿಯ ನಂತರ ನಾನು ಅಂಗಡಿ ಬಿಟ್ಟೆ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ವಾಹನಗಳಿಗೆ ವೈರಿನ ಕಟ್ಟು ಕಟ್ಟುವ ಲೈನಿಗೆ ಸೇರಿದೆ. ಅಲ್ಲಿ ಒಂದು ದಿನ ತರಬೇತಿಗೆಂದು ಸೂಪರ್‌ವೈಸರು ಎರಡು ಸುಟ್ಟ ತಂತಿಗಳನ್ನು ಮೇಜಿನ ಮೇಲಿಟ್ಟರು. ಒಂದು ಹೊರಗಿನ ಬೆಂಕಿಗೆ ಸುಟ್ಟದ್ದು: ಪ್ಲಾಸ್ಟಿಕ್ಕಿನ ಮೇಲ್ಭಾಗ ಕರಕಲಾಗಿ, ತಾಮ್ರಕ್ಕೆ ಅಂಟಿದ ಒಳಭಾಗ ಚೆನ್ನಾಗಿತ್ತು. ಇನ್ನೊಂದು ತಾನೇ ಕಾದು ಸುಟ್ಟದ್ದು: ಒಳಗಿನಿಂದ ಕರಗಿ, ತಾಮ್ರದ ಸುತ್ತ ಸಡಿಲವಾಗಿ ಜೋತುಬಿದ್ದಿತ್ತು. ಸುಟ್ಟ ತಂತಿಯೂ ನಡೆದದ್ದನ್ನು ಹೇಳುತ್ತದೆ ಎಂದು ಆವತ್ತು ತಿಳಿಯಿತು. ನಾನು ನಮ್ಮ ಟ್ರ್ಯಾಕ್ಟರಿನ ತಂತಿಗಳನ್ನು ನೋಡಿಯೇ ಇಲ್ಲ ಎಂಬುದೂ ಆವತ್ತೇ ಹೊಳೆಯಿತು.

ಆ ಭಾನುವಾರವೇ ಕೆಲಮಂಗಲಕ್ಕೆ ಹೋದೆ. ಟ್ರ್ಯಾಕ್ಟರು ಅವನ ಅಂಗಡಿಯ ಹಿಂದೆ ತಗಡಿನ ಕೆಳಗೆ ನಿಂತಿತ್ತು.

"ಒಂದ್ಸಲ ನೋಡ್ತೀನಿ ಮೇಸ್ತ್ರಿ."

"ಹೋದದ್ದು ಹೋಯ್ತು ಕಣಮ್ಮಿ. ಅದ್ರಾಗೆ ಏನದೆ ನೋಡಕ್ಕೆ? ಹಾವ್ ಸೇರ್ಕೊಂಡದೆ ಅಲ್ಲಿ, ಹೋಗ್ಬ್ಯಾಡ," ಎಂದ. ಮೃದುವಾದ ಕನ್ನಡದಲ್ಲಿ. ನನಗೆ ಅಷ್ಟೇ ಸಾಕಾಯಿತು. ಕೈಯಲ್ಲಿ ಸಾಕ್ಷಿ ಮಾತ್ರ ಇರಲಿಲ್ಲ. ಅಂದಿನಿಂದ ಆ ತಂತಿಗಳು ಕೈಗೆ ಸಿಗಲೆಂದು ನಾನು ಕಾಯತೊಡಗಿದೆ. ಕಾರ್ಖಾನೆ ಬಿಟ್ಟು ಅವನದೇ ರಸ್ತೆಯಲ್ಲಿ, ಅವನ ಅಂಗಡಿಯಿಂದ ಕಾಣುವ ಹಾಗೆ, ನನ್ನ ಅಂಗಡಿ ಹಾಕಿದೆ. ಮೊದಮೊದಲು ಯಾರೂ ಬರಲಿಲ್ಲ. ನನ್ನ ಕೈಯ ಕಥೆ ಎಲ್ಲರಿಗೂ ಗೊತ್ತಿತ್ತು. ಹಸಿದ ದಿನಗಳಲ್ಲೂ ಷಟರು ತೆರೆದಿಟ್ಟುಕೊಂಡು, ಅವನ ಬಿಳಿ ಷರ್ಟು ಬರುವುದನ್ನೂ ಹೋಗುವುದನ್ನೂ ನೋಡುತ್ತ ಕುಳಿತಿರುತ್ತಿದ್ದೆ. ನಿಧಾನವಾಗಿ ಗಾಡಿಗಳು ಬಂದವು. ಅವನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು, ಕೈ ನಡುಗಲು ಶುರುವಾಯಿತು. ಅಂಗಡಿ ಮುಚ್ಚಿದ.

ಹೋದ ವರ್ಷ ಅವನ ಮಗ ಮುನಿರಾಜ ಬಂದ. ಒಳ್ಳೆಯ ಹುಡುಗ, ಕೆಲಸ ಕಲಿತವನಲ್ಲ, ಹೊಸೂರಿನಲ್ಲಿ ಕಂಪನಿ ಬಸ್ಸು ಓಡಿಸುತ್ತಾನೆ.

"ಅಕ್ಕಾ, ಹಿಂದ್ಗಡೆ ನಿಂತದಲ್ಲ, ಆ ಹಳೇ ಟ್ರ್ಯಾಕ್ಟರು, ಬೆಂಗಳೂರಿನೋರು ಒಬ್ರು ಕೇಳ್ತಾವ್ರೆ. ತೋಟದಾಗೆ ಷೋಗೆ ಇಟ್ಕೊತಾರಂತೆ. ಎಂಜಿನ್ ತಿರುಗ್ತದೆ, ಆದ್ರೆ ವೈರಿಂಗೆಲ್ಲ ಸುಟ್ಟೋಗದೆ. ಕಿಡಿ, ಚಾರ್ಜು ಎಲ್ಲಾ ಹೊಸ್ದಾಗಿ ಮಾಡ್ಕೊಡ್ತೀಯಾ? ಅಪ್ಪಂಗೆ ಹೇಳಿಲ್ಲ ಇನ್ನೂ. ಯಾರ್ನೂ ಮುಟ್ಟಕ್ಕೆ ಬುಡ್ತಿರ್ಲಿಲ್ಲ ಅವ್ನು."

"ತಂದ್ಬುಡು," ಎಂದೆ.

ಟ್ರ್ಯಾಕ್ಟರು ನನ್ನ ಅಂಗಳಕ್ಕೆ ಬಂದ ಮರುದಿನವೇ ಅವನು ಕೋಲೂರಿಕೊಂಡು ಬಂದ. ಬೆಂಚಿನ ಮೇಲೆ ಕುಳಿತ. ಆಮೇಲೆ ದಿನವೂ ಬರತೊಡಗಿದ. ಹಲಸು, ರಾಗಿ, ಹವಾ ಎಲ್ಲವನ್ನೂ ಮಾತಾಡಿ, ಕೊನೆಗೆ ವಿಷಯಕ್ಕೆ ಬರುತ್ತಿದ್ದ.

"ಹಳೇ ತಂತಿ ಕಟ್ಟು ಹಂಗೇ ಕಿತ್ತು ಬಿಸಾಕ್ಬುಡು ಗೌರಿ. ಬಿಡ್ಸಿ ನೋಡಕ್ಕೋಗ್ಬ್ಯಾಡ. ಸುಮ್ನೆ ಟೈಮು."

"ಆಗ್ಲಿ ಮೇಸ್ತ್ರಿ," ಎಂದೆ. ಇಷ್ಟು ವರ್ಷ ತಾನೇ ಯಾಕೆ ಅದನ್ನು ಕಿತ್ತು ಹಾಕಲಿಲ್ಲವೋ; ಅವನಿಗೂ ಅದನ್ನು ಮುಟ್ಟಲು ಧೈರ್ಯವಿರಲಿಲ್ಲವೇನೋ.

ಅವನು ಊಟಕ್ಕೆ ಹೋದ ಮೇಲೆ ಸುಟ್ಟ ಕಟ್ಟನ್ನು ಪೂರ್ತಿಯಾಗಿ ಹೊರತೆಗೆದು ಮೇಜಿನ ಮೇಲೆ ಉದ್ದಕ್ಕೆ ಮಲಗಿಸಿದೆ. ಪೋಸ್ಟ್‌ಮಾರ್ಟಮ್ ಮಾಡುವವರ ಹಾಗೆ ಒಂದೊಂದೇ ತಂತಿ ಬಿಡಿಸಿದೆ. ನನ್ನ ಕಾಯಿಲ್ಲಿನ ತಂತಿ: ಹೊರಗೆ ಕರಕಲು, ಒಳಗೆ ಹಸಿರು ಪ್ಲಾಸ್ಟಿಕ್ಕು ಹಾಗೇ ಇತ್ತು. ಅದರ ತುದಿಯ ಸ್ಕ್ರೂ ಬಿಗಿಯಾಗಿಯೇ ಇತ್ತು, ನಾನು ಬಿಗಿಸಿದ ಹಾಗೆ. ಡೈನಮೋದ ದಪ್ಪ ತಂತಿಯನ್ನು ಹಿಡಿದು ಬೆರಳಿನಿಂದ ಸವರುತ್ತ ಬಂದೆ. ಬ್ಯಾಟರಿಗೆ ಇನ್ನು ಸ್ವಲ್ಪ ದೂರವಿದೆ ಎನ್ನುವಲ್ಲಿ, ಪೆಟ್ರೋಲು ಪೈಪು ಹಾದುಹೋಗುವ ಜಾಗದಲ್ಲೇ ಸರಿಯಾಗಿ, ದಪ್ಪ ತಂತಿ ಮುಗಿದು ತೆಳುವಾದದ್ದು ಶುರುವಾಗಿತ್ತು. ಒಂದು ಗೇಣು. ದೀಪಕ್ಕೆ ಹಾಕುವ ಎಳೆ ತಂತಿ. ಸುತ್ತಿ ಟೇಪು ಹಚ್ಚಿದ ಜಾಯಿಂಟು. ಟೇಪು ಉರಿದು ಹೋಗಿತ್ತು, ತಾಮ್ರದ ಸುತ್ತು ಉಳಿದಿತ್ತು. ಕಟೌಟು ಅಂಟಿಕೊಂಡಾಗ ಕಾದು ಕೆಂಡವಾಗಿ ಪೈಪನ್ನು ಹೊತ್ತಿಸಿದ್ದು ಇದೇ.

ಅವನು ಎಡಚ. ಅವನು ಹೊಸೆದ ತಂತಿ ನಮ್ಮೆಲ್ಲರದ್ದಕ್ಕೆ ವಿರುದ್ಧವಾಗಿ ಸುತ್ತಿಕೊಳ್ಳುತ್ತದೆ. ಈ ಸುತ್ತು ಹಾಗೇ ಇತ್ತು. ಅಂಗಳದ ಪಕ್ಕದ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡೆ. ಅಳು ಬರಲಿಲ್ಲ. ಬಂದದ್ದು ಬೇರೆ.

ಮಾರನೆಯ ದಿನ ಅವನು ಬಂದಾಗ ಏನೂ ಹೇಳಲಿಲ್ಲ. ಟೀ ತರಿಸಿಕೊಟ್ಟೆ. ಅವನ ಎದುರಿಗೇ ಕೆಲಸ ಮಾಡಿದೆ, ಎಂದೂ ಮಾಡದಷ್ಟು ಚೆನ್ನಾಗಿ. ಡೈನಮೋ ಬಿಚ್ಚಿ ಬ್ರಶ್ಶು ಬದಲಿಸಿದೆ, ಬುಶ್ಶು ಹಾಕಿದೆ. ಕಟೌಟಿನ ಪಾಯಿಂಟುಗಳನ್ನು ಉಜ್ಜಿ ಹೊಳಪಿಗೆ ತಂದೆ. ಹೊಸ ಕಾಯಿಲ್ಲು, ಹೊಸ ಕಂಡೆನ್ಸರು, ಪ್ಲಗ್ಗಿಗೆ ಹೊಸ ತಂತಿಗಳು. ಅವನು ಮಂಜು ಕಣ್ಣುಗಳಿಂದ ನೋಡುತ್ತ ತಲೆಯಾಡಿಸುತ್ತಿದ್ದ. "ಕೈ ಪಳಗದೆ," ಎಂದ ಒಮ್ಮೆ.

ಗಾಡಿ ಶುರು ಮಾಡುವ ದಿನ ಗೊತ್ತಾಯಿತು. ಬೆಂಗಳೂರಿನ ತೋಟದವರು ಬಂದರು. ಮುನಿರಾಜ ರಜೆ ಹಾಕಿದ್ದ. ರಸ್ತೆಯ ಮೆಕ್ಯಾನಿಕ್ಕುಗಳೆಲ್ಲ ಸೇರಿದರು. ಅವತ್ತು ಬೆಳಿಗ್ಗೆ ನಾನು ಆಟೋ ಕಳಿಸಿ ಅವ್ವನನ್ನು ಊರಿನಿಂದ ಕರೆಸಿದ್ದೆ. ಯಾಕೆಂದು ಹೇಳಿರಲಿಲ್ಲ. ಅವಳು ಟ್ರ್ಯಾಕ್ಟರನ್ನು ಕಂಡು ಮುಖ ತಿರುಗಿಸಿ, ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕುಳಿತಳು. ಅವನು ಹೊಸ ಬಿಳಿ ಷರ್ಟು ಹಾಕಿಕೊಂಡು ಬಂದಿದ್ದ.

"ಮೇಸ್ತ್ರಿ, ಮೊದ್ಲು ನೀವೇ ಹತ್ತಿ ಸ್ಟಾರ್ಟ್ ಮಾಡ್ಬೇಕು. ಗುರುಗಳು," ಎಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಮುಖ ಅರಳಿತು. ಮಗನ ತೋಳು ಹಿಡಿದು ಬಂದು, ಒಂದು ಕಾಲನ್ನು ಎತ್ತಿ ಮೆಟ್ಟಿಲ ಮೇಲಿಟ್ಟ.

"ಕಿಡಿ ಕಡೇದೆಲ್ಲ ನಾನು ಹೊಸ್ದು ಹಾಕಿದೀನಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಚಾರ್ಜಿಂಗ್ ಲೈನು ಮಾತ್ರ ನಿಮ್ದೇ ಇರ್ಲಿ ಅಂತ ನೀವು ಮಾಡಿದ್ ಹಂಗೇ ಮಾಡಿದೀನಿ. ಬ್ಯಾಟ್ರಿ ಹತ್ರ ಒಂದು ಗೇಣು ದೀಪದ ತಂತಿ, ಅದೇ ಜಾಯಿಂಟು, ಪೆಟ್ರೋಲ್ ಪೈಪಿನ ಕೆಳ್ಗೆ, ಅದೇ ಜಾಗ. ಕಟೌಟು ಯಾಕೋ ಆಗಾಗ ಅಂಟ್ಕೊತದೆ. ಪರ್ವಾಗಿಲ್ಲ. ಹತ್ತಿ."

ಕಟೌಟಿನದು ಸುಳ್ಳು. ಟ್ಯಾಂಕಿನಲ್ಲಿ ತೊಟ್ಟು ಪೆಟ್ರೋಲಿರಲಿಲ್ಲ, ಅದು ನನಗೆ ಮಾತ್ರ ಗೊತ್ತಿತ್ತು. ಗೇಣು ತಂತಿ ಮಾತ್ರ ನಿಜ. ಅವನ ಕೈಯಲ್ಲಿ ನಾನು ಕಲಿತ ಎಲ್ಲ ಜಾಣತನವನ್ನೂ ಬಳಸಿ, ಅವನದರಂತೆಯೇ ಎಡಕ್ಕೆ ಹೊಸೆದಿದ್ದೆ.

ಅವನು ಕಾಲನ್ನು ಮೆಟ್ಟಿಲಿನಿಂದ ಕೆಳಕ್ಕೆ ಇಳಿಸಿದ.

"ಯಾಕೆ ಮೇಸ್ತ್ರಿ?"

"ಬ್ಯಾಡ ಬುಡು. ಕಾಲ್ ನೋಯ್ತದೆ."

"ಬೆಂಕಿ ಬಂದಿದ್ದು ಕಿಡಿಯಿಂದ ಅಲ್ವಾ? ಅದು ನನ್ ಕೆಲ್ಸ, ಅದ್ನ ಸರಿ ಮಾಡಿದೀನಿ. ನಿಮ್ ಕೆಲ್ಸದಾಗೆ ಏನು ತಪ್ಪಿತ್ತು? ನಿಮ್ ಕೈ ಮೇಲೆ ನಿಮ್ಗೇ ನಂಬ್ಕೆ ಇಲ್ವಾ?"

"ಆ ತುಂಡು ತೆಗಿ," ಎಂದ. ಮೃದುವಾದ ದನಿ ಎಲ್ಲೋ ಹೋಗಿತ್ತು. "ತೆಗ್ದು ಬುಡಮ್ಮಿ ಅದ್ನ." ಮಗನ ಕಡೆ ತಿರುಗಿ, "ನಡೀಲಾ ಮನೆಗೆ," ಎಂದ. ಮುನಿರಾಜ ಕದಲಲಿಲ್ಲ. ಯಾರೂ ಕದಲಲಿಲ್ಲ. ಅಲ್ಲಿದ್ದವರೆಲ್ಲ ತಂತಿಯ ಕೆಲಸ ಬಲ್ಲವರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಮೇಜಿನ ಮೇಲಿಂದ ಸುಟ್ಟ ತಂತಿಯನ್ನು ತಂದು ಅವನ ಕಾಲ ಬಳಿ ಹಾಕಿದೆ. ಮೂರು ಮೂರು ಜನ ಬಗ್ಗಿ ಅದರ ಸುತ್ತನ್ನು ನೋಡಿದರು.

ಅವ್ವ ಎದ್ದು ಬಂದಳು. ಅವಳಿಗೆ ತಂತಿ, ಕಟೌಟು ಏನೂ ತಿಳಿಯದು. ಅವಳು ನೋಡಿದ್ದು ಅವನ ಕಾಲನ್ನು.

"ಯಾಕಪ್ಪಾ ಹತ್ತಾಕಿಲ್ಲ ಅಂತೀಯ?" ಎಂದು ಕೇಳಿದಳು. "ನಮ್ಮೋರು ಹತ್ತಿದ್ರಲ್ಲ."

ಅವನು ಮಗನ ತೋಳು ಬಿಟ್ಟ. ಆಮೇಲೆ ಹೇಳಿದ, "ತಂತಿ ಸಾಲ್ಲಿಲ್ಲ ಕಣಮ್ಮ. ಒಂದ್ ಗೇಣು. ಹೊಸೂರಿಗೆ ಹೋಗಿ ತರ್ಬೇಕಿತ್ತು. ಆಮೇಲೆ ಬದ್ಲಾಯಿಸಾನ ಅಂತಿದ್ದೆ. ಮರ್ತೋಯ್ತು."

"ಮರ್ತಿದ್ದು ಸರಿ. ಆಮೇಲೆ ನಮ್ಮನೇಗೆ ಬಂದ್ ಬಂದ್ ಕುಂತ್ಕೊತಿದ್ಯಲ್ಲ, ಅವ್ರು ಈ ಮಗೀನ ಕ್ಷಮಿಸ್ತಾನೇ ಇದ್ರು, ನೀನು ಕಾಫಿ ಕುಡೀತಾ ಕೇಳ್ತಾನೇ ಇದ್ದೆ. ಆವಾಗ್ಲೂ ಜ್ಞಾಪ್ಕ ಬರ್ಲಿಲ್ವಾ?"

ಅವನು ನೆಲದ ಮೇಲೆ, ಗ್ರೀಸು ಬಿದ್ದ ನನ್ನ ಅಂಗಳದಲ್ಲಿ, ಆ ಷರ್ಟಿನ ಸಮೇತ ಕುಸಿದು ಕುಳಿತ. ಮುನಿರಾಜ ಎತ್ತಲು ಹೋದ. ನಾನು ಹೋಗಲಿಲ್ಲ. ಅಲ್ಲೇ ಅವನ ಎದುರಿಗೆ ಆ ಗೇಣು ತುಂಡನ್ನು ಕತ್ತರಿಸಿ ಎಸೆದೆ. ಡೈನಮೋದಿಂದ ಬ್ಯಾಟರಿಯವರೆಗೆ ಒಂದೇ ದಪ್ಪ ತಂತಿ ಎಳೆದೆ. ಪೆಟ್ರೋಲು ತರಿಸಿ ಹಾಕಿ, ನಾನೇ ಹತ್ತಿ ಕುಳಿತು, ಗುಂಡಿ ಒತ್ತಿದೆ. ಎಂಜಿನ್ನು ಹಿಡಿಯಿತು. ಆಂಪಿಯರ್ ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ವಾಲಿತು. ಅವನ ಪಕ್ಕದಿಂದಲೇ ಹಾಯಿಸಿಕೊಂಡು ರಸ್ತೆಗಿಳಿದು, ಸಂತೆ ಮೈದಾನದವರೆಗೆ ಹೋಗಿ ಬಂದೆ. ತಿರುಗಿ ಬರುವಷ್ಟರಲ್ಲಿ ಅವನನ್ನು ಮನೆಗೆ ಕರೆದುಕೊಂಡು ಹೋಗಿದ್ದರು.

ವಯಸ್ಸಾದವನನ್ನು ಹಾಗೆ ಮಾಡಬಾರದಿತ್ತು ಎಂದು ಆಮೇಲೆ ಕೆಲವರು ಹೇಳಿದರು. ಹೇಳಿದವರಲ್ಲಿ ಒಬ್ಬರಾದರೂ ಅಪ್ಪನ ತೊಡೆಯ ಕಟ್ಟು ಬಿಚ್ಚುವಾಗ ಪಕ್ಕದಲ್ಲಿ ನಿಂತವರಲ್ಲ.

ಅವನು ಹಾಸಿಗೆ ಹಿಡಿದ. ಒಮ್ಮೆ ಬಂದು ಹೋಗಬೇಕೆಂದು ಮುನಿರಾಜನ ಕೈಲಿ ಹೇಳಿ ಕಳಿಸಿದ. ಹೋಗಲಿಲ್ಲ. ಆಮೇಲೆ ತನ್ನ ಹಳೆಯ ಟೆಸ್ಟ್ ಲ್ಯಾಂಪನ್ನೂ, ಜರ್ಮನಿಯ ಕಟಿಂಗ್ ಪ್ಲೇಯರನ್ನೂ ಬಟ್ಟೆಯಲ್ಲಿ ಸುತ್ತಿ ನನಗೆ ಕಳಿಸಿದ. ಆ ಪ್ಲೇಯರನ್ನು ಅವನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಹೊಸದರಲ್ಲಿ ಅದನ್ನು ಕಣ್ಣಲ್ಲೇ ತಿನ್ನುತ್ತಿದ್ದವಳು ನಾನು. ಬಟ್ಟೆಯ ಗಂಟು ಬಿಚ್ಚದೆ ವಾಪಸು ಕಳಿಸಿದೆ. ಅದು ತಲುಪಿದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದನಂತೆ. ಮುನಿರಾಜ ಹೇಳಿದ. ಕೇಳಿ ನನಗೆ ಸಮಾಧಾನವಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಸಮಾಧಾನವಾಯಿತು.

ಅವನು ಸತ್ತ ಕೆಲವು ದಿನಗಳ ಮೇಲೆ, ಅಂಗಳದ ಆ ದಿನದ ನಂತರ ಮೊದಲ ಸಲ, ಊರಿಗೆ ಹೋಗಿದ್ದೆ. ಬೆಂಕಿಯ ನಂತರ ಅವ್ವ ನಮ್ಮ ಮನೆಯ ಒಂದು ಸ್ವಿಚ್ಚಿಗೂ ನನ್ನ ಕೈ ತಾಕಲು ಬಿಟ್ಟಿರಲಿಲ್ಲ. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಫ್ಯೂಸು ಹೋದರೂ ಸುಮ್ಮನೆ ಪಕ್ಕದ ಹಳ್ಳಿಯಿಂದ ಯಾರನ್ನೋ ಕರೆಸುತ್ತಿದ್ದಳು, ನಾನು ಅಲ್ಲೇ ಕುಳಿತಿರುವಾಗಲೇ. ಇಡೀ ಸೀಮೆಯ ಗಾಡಿಗಳಿಗೆ ಕರೆಂಟು ಕೊಡುವ ನಾನು ತವರುಮನೆಯಲ್ಲಿ ಕೈಕಟ್ಟಿಕೊಂಡು ಕೂರುತ್ತಿದ್ದೆ.

ಅವತ್ತು ನಾನು ಹೊರಡುವ ಹೊತ್ತಿಗೆ ಅವ್ವ ಬಾಗಿಲಿಗೆ ಬಂದಳು.

"ಬೋರ್‌ವೆಲ್ ಸ್ಟಾರ್ಟರು ಯಾಕೋ ಹಿಡೀತಿಲ್ಲ ಕಣವ್ವ. ಟೊಮೇಟೋ ಬಾಡ್ತದೆ. ಒಂದ್ ಗಳಿಗೆ ನೋಡ್ಬುಟ್ಟು ಹೋಗು."

ಹೊಲದ ಷೆಡ್ಡಿಗೆ ಹೋಗಿ ಪೆಟ್ಟಿಗೆ ತೆರೆದೆ. ಒಂದು ತುದಿ ಸಡಿಲವಾಗಿ ಕಪ್ಪಾಗಿತ್ತು. ಮೇನು ಇಳಿಸಿ, ಕೆರೆದು, ಬಿಗಿಸಿದೆ. ಅವ್ವ ದೂರ ನಿಲ್ಲಲಿಲ್ಲ. ನನ್ನ ಬೆನ್ನಿಗೆ ಅಂಟಿಕೊಂಡೇ ನಿಂತಿದ್ದಳು. ಹಸಿರು ಗುಂಡಿ ಒತ್ತಿದಾಗ ಮೋಟರು ಗುಂಯ್ ಎಂದಿತು, ಪೈಪಿನ ಬಾಯಿಗೆ ನೀರು ಬಂತು. ಅವ್ವ ಅಷ್ಟಕ್ಕೆ ಬಿಡಲಿಲ್ಲ. ಮನೆಗೆ ವಾಪಸು ಬಂದು, ಅಟ್ಟದಿಂದ ಸದ್ದು ಮಾಡುವ ಮಿಕ್ಸಿಯನ್ನು ಇಳಿಸಿಕೊಟ್ಟಳು. ಕೊಟ್ಟಿಗೆಯ ದೀಪ ತೋರಿಸಿದಳು. ಬಚ್ಚಲಮನೆಯ ಸ್ವಿಚ್ಚು ಆಗಾಗ ಷಾಕು ಹೊಡೆಯುತ್ತದೆ ಎಂದಳು. ನಾನು ಬಸ್ಸು ಬಿಟ್ಟು, ಬ್ಯಾಗಿನಿಂದ ಸ್ಕ್ರೂಡ್ರೈವರು ತೆಗೆದು, ಒಂದೊಂದಾಗಿ ಎಲ್ಲವನ್ನೂ ಬಿಚ್ಚಿ ಸರಿಮಾಡಿದೆ. ಅವ್ವ ಪಕ್ಕದಲ್ಲಿ ಕುಳಿತು ಸ್ಕ್ರೂಗಳನ್ನು ಕೈಯಲ್ಲಿ ಹಿಡಿದುಕೊಂಡು ಬೇಕಾದಾಗ ಕೊಡುತ್ತಿದ್ದಳು. ಒಂದೊಂದು ಸ್ಕ್ರೂ ಬಿಗಿಸುವಾಗಲೂ ನಾನು ಸತ್ತವನನ್ನು ಶಪಿಸುತ್ತಿದ್ದೆ. ಇದೆಲ್ಲ ಅಪ್ಪನ ಕಣ್ಣೆದುರಿಗೆ ಮಾಡಬೇಕಾಗಿದ್ದ ಕೆಲಸ.